ಖಾಲಿ ಚಕ್ಕಡಿಯ ಬಾಡಿಗೆ

ನೆರೆಮನೆಯಿಂದ ಬಂದ ಪಾತ್ರೆಯನ್ನು ಖಾಲಿಯಾಗಿ ಮರಳಿಸಬಾರದೆಂಬುದು ನಮ್ಮ ಮನೆಗಳ ಹಳೆಯ ರೂಢಿ. ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನೋ ಒಂದು ಚೂರು ಬೆಲ್ಲವನ್ನೋ ಹಾಕಿ ಕಳಿಸುವುದುಂಟು. ಮನೆಗಳ ನಡುವೆ ಇದು ಸೌಜನ್ಯ. ಸರಕು ಸಾಗಿಸುವವರಿಗೆ ಇದೇ ಮಾತು ಹೊಟ್ಟೆಪಾಡಿನ ಪ್ರಶ್ನೆಯಾಗುತ್ತದೆ. ಹೇರು ಇದ್ದರೂ ಇಲ್ಲದಿದ್ದರೂ ಎತ್ತಿಗೆ ಮೇವು ಬೇಕು. ಹೊಡೆಯುವವನಿಗೆ ಬುತ್ತಿ ಬೇಕು. ಗಾಲಿಗೆ ಎಣ್ಣೆ ಬೇಕು. ತುಂಬಿ ಹೋದ ಚಕ್ಕಡಿ ಖಾಲಿಯಾಗಿ ಬಂದರೆ ಬರುವ ದಾರಿಯ ಖರ್ಚನ್ನು ಯಾರು ಕೊಡಬೇಕು?

ಇಂದಿನ ಬಂದರುಗಳಲ್ಲಿ ಈ ಪ್ರಶ್ನೆಗೆ ಬೇರೊಂದು ಹೆಸರಿದೆ. ಸಮುದ್ರ ವ್ಯಾಪಾರದ ಸಿದ್ಧವಸ್ತುಗಳಲ್ಲಿ ಬಹುಪಾಲು ಈಗ ಕಂಟೇನರು ಎಂಬ ಉಕ್ಕಿನ ಪೆಟ್ಟಿಗೆಗಳಲ್ಲಿ ಸಾಗುತ್ತದೆ. ಒಂದು ದೇಶಕ್ಕೆ ತುಂಬಿದ ಪೆಟ್ಟಿಗೆಗಳು ಹೆಚ್ಚು ಬಂದು, ಅಲ್ಲಿಂದ ಕಡಿಮೆ ಹೊರಟರೆ, ಉಳಿದ ಪೆಟ್ಟಿಗೆಗಳನ್ನು ಖಾಲಿಯಾಗಿಯೇ ಹಡಗಿಗೇರಿಸಿ ಬೇಕಾದ ಬಂದರಿಗೆ ಒಯ್ಯಬೇಕಾಗುತ್ತದೆ. ಆ ಖರ್ಚನ್ನು ತುಂಬಿಕೊಳ್ಳಲು ಹಡಗಿನ ಕಂಪನಿಗಳು ‘ಕಂಟೇನರ್ ಅಸಮತೋಲ’ ಎಂಬ ಹೆಸರಿನಲ್ಲಿ ಮೂಲ ಬಾಡಿಗೆಯ ಮೇಲೆ ಇನ್ನೊಂದು ಮೇಲುಬಾಡಿಗೆಯನ್ನು ಹಾಕುತ್ತವೆ. ಇದು ಕಡಲಿನ ಮಾತು, ಗದಗಿನಂಥ ಬಯಲುಸೀಮೆಯವರಿಗೆ ಇದರಿಂದ ಏನಾಗಬೇಕು ಎಂದು ತೋರಬಹುದು. ಆದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ವ್ಯಾಪಾರದ ಇತಿಹಾಸವನ್ನು ನೋಡಿದರೆ, ಈ ಲೆಕ್ಕವನ್ನು ನಮ್ಮ ಹಿರಿಯರು ನೂರಾರು ವರ್ಷ ಹಾಕಿದ್ದಾರೆಂದು ತಿಳಿಯುತ್ತದೆ.

ಮೊದಲು ಮಾತುಗಳನ್ನೇ ನೋಡೋಣ. ‘ಹೇರು’ ಎಂಬುದು ಹಳಗನ್ನಡದ ‘ಪೇಱು’. ಎತ್ತಿನ ಬೆನ್ನಿನ ಮೇಲೆ ಎರಡು ಕಡೆಗೂ ತೂಗುವಂತೆ ಏರಿಸಿದ ಭಾರಕ್ಕೆ ಆ ಹೆಸರು. ‘ಬಾಡಿಗೆ’ಯು ಸಂಸ್ಕೃತದ ‘ಭಾಟಕ’ದ ತದ್ಭವ, ‘ಸುಂಕ’ವು ‘ಶುಲ್ಕ’ದ್ದು. ನಮ್ಮ ಶಾಸನಗಳಲ್ಲಿ ಬರುವ ‘ಪೆರ್ಜುಂಕ’ ಅಥವಾ ‘ಹೆಜ್ಜುಂಕ’ವು ಹಿರಿಯ ಸುಂಕ. ಸುಂಕದ ದತ್ತಿಗಳನ್ನು ಹೇಳುವ ಶಾಸನಗಳಲ್ಲಿ ತಲೆಹೊರೆಗೆ ಇಷ್ಟು, ಹೇರಿಗೆ ಇಷ್ಟು, ಬಂಡಿಗೆ ಇಷ್ಟು ಎಂದು ಬೇರೆ ಬೇರೆ ಲೆಕ್ಕವಿರುವುದುಂಟು. ಸರಕು ಎಷ್ಟೆಂಬುದರ ಜೊತೆಗೆ ಅದನ್ನು ಹೊತ್ತದ್ದು ಯಾವುದೆಂಬುದನ್ನೂ ಆ ಕಾಲದವರು ಗಣನೆಗೆ ತೆಗೆದುಕೊಳ್ಳುತ್ತಿದ್ದರು.

ಈ ಸೀಮೆಯು ಆಗಲೇ ವ್ಯಾಪಾರದ ನೆಲೆ. ಲಕ್ಷ್ಮೇಶ್ವರವು ಪುಲಿಗೆರೆ, ‘ಕವಿರಾಜಮಾರ್ಗ’ವು ಹೇಳುವ ಕನ್ನಡದ ತಿರುಳಿನ ನಾಡಿನ ನಾಲ್ಕು ಊರುಗಳಲ್ಲಿ ಒಂದು. ಗದಗಿನ ಮಗ್ಗುಲಿನ ಲಕ್ಕುಂಡಿಯು ಲೊಕ್ಕಿಗುಂಡಿ. ಲೊಕ್ಕಿಗದ್ಯಾಣವೆಂಬ ನಾಣ್ಯಕ್ಕೆ ಹೆಸರು ಕೊಟ್ಟ ಊರು. ಮುಂಡರಗಿ ತಾಲೂಕಿನ ಡಂಬಳದಲ್ಲಿ 1095ರ ಶಾಸನವಿದೆ. ಹದಿನಾರು ಜನ ಸೆಟ್ಟಿಗಳು ಅಲ್ಲಿ ಬೌದ್ಧ ವಿಹಾರವನ್ನು ಕಟ್ಟಿಸಿದ್ದನ್ನು ಅದು ಹೇಳುತ್ತದೆ. ವಿಹಾರ ಕಟ್ಟಿಸುವಷ್ಟು ಸಂಪತ್ತು ಈ ಕರಿನೆಲದ ಊರುಗಳಲ್ಲಿ ಕೂಡಿದ್ದು ಹೇರುಗಳು ತುಂಬಿ ಹೋಗಿ ತುಂಬಿ ಬಂದುದರಿಂದಲೇ ಇರಬೇಕು.

ಎರಡೂ ಕಡೆಯ ಹೇರನ್ನು ಕೂಡಿಸುವ ವಿದ್ಯೆಯಲ್ಲಿ ನಿಷ್ಣಾತರಾದವರು ಲಂಬಾಣಿಗಳು. ಅವರ ಹೆಸರು ‘ಲವಣ’ ಶಬ್ದದಿಂದ ಬಂದಿತೆಂದು ಹೇಳುವವರಿದ್ದಾರೆ. ಆ ವ್ಯುತ್ಪತ್ತಿಯನ್ನು ಒಪ್ಪಲಿ ಬಿಡಲಿ, ಅವರ ಕಸುಬಿಗಂತೂ ಅದು ಹೊಂದುತ್ತದೆ. ಬಯಲುಸೀಮೆಯ ಜೋಳ, ಕಾಳುಕಡಿಗಳನ್ನು ಹೇರಿಕೊಂಡು ಅವರ ಎತ್ತಿನ ಹಿಂಡುಗಳು ಘಟ್ಟವಿಳಿಯುತ್ತಿದ್ದವು. ಕರಾವಳಿಯ ಉಪ್ಪನ್ನು ಹೇರಿಕೊಂಡು ಏರುತ್ತಿದ್ದವು. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರಗಳು ಇಂದಿಗೂ ಇವೆ. ಕೆಳಗೆ ಧಾನ್ಯಕ್ಕೆ ಬೇಡಿಕೆ, ಮೇಲೆ ಉಪ್ಪಿಗೆ ಬೇಡಿಕೆ. ಅಲ್ಲಿಯದು ಇಲ್ಲಿಲ್ಲ, ಇಲ್ಲಿಯದು ಅಲ್ಲಿಲ್ಲ. ಲಂಬಾಣಿಯ ಹಿಂಡು ಬಾಡಿಗೆಯ ಹಿಂಡು ಮಾತ್ರವಾಗಿರಲಿಲ್ಲ. ಬಹಳ ಸಲ ಸರಕು ಕೊಳ್ಳುವವನೂ ಮಾರುವವನೂ ಅವನೇ. ಆದ್ದರಿಂದ ಬರುವಾಗ ಏನು ಹೇರಬೇಕೆಂಬುದನ್ನು ಹೋಗುವಾಗಲೇ ಗೊತ್ತುಮಾಡಿಕೊಂಡು ಹೊರಡುತ್ತಿದ್ದನು. ದಾರಿಯ ಮೇವು ಹುಲ್ಲುಗಾವಲಿನದು. ಹಿಂಡಿನೊಡನೆ ಮನೆಮಂದಿಯೂ ನಡೆಯುತ್ತಿತ್ತು. ಖಾಲಿ ನಡೆದರೂ ಆಗುವ ನಷ್ಟ ಕಡಿಮೆ. ಆದರೂ ಅವನು ಖಾಲಿ ನಡೆಯುತ್ತಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸಮತೋಲ ಕದಡಿತು. ಕದಡಿದ್ದು ಹತ್ತಿ. 1840ರ ದಶಕದಲ್ಲಿ ಕಂಪನಿ ಸರಕಾರದವರು ಅಮೆರಿಕದ ನ್ಯೂ ಆರ್ಲಿಯನ್ಸಿನ ಬೀಜವನ್ನು ತರಿಸಿ ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿದರು. ಬೇರೆ ಎಷ್ಟೋ ಕಡೆ ಸೋತ ಆ ಬೀಜವು ಇಲ್ಲಿಯ ಎರೆಭೂಮಿಯಲ್ಲಿ ಬೇರೂರಿತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರನ್ನೇ ಪಡೆಯಿತು. ನಮ್ಮ ನಾಡಹತ್ತಿಯ ಹೆಸರು ಇನ್ನೂ ಸ್ವಾರಸ್ಯವಾದುದು. ಅದನ್ನು ವಿಲಾಯಿತಿಯ ಪೇಟೆಯಲ್ಲಿ ‘ಕುಮ್ಟಾ’ ಎಂದು ಕರೆದರು. ಕುಮಟಾ ಹತ್ತಿ ಬೆಳೆಯುವ ಊರಲ್ಲ. ಹತ್ತಿ ಹಡಗೇರುತ್ತಿದ್ದ ಬಂದರು. ಬೆಳೆದವನ ಹೊಲದ ಹೆಸರು ದಾರಿಯಲ್ಲಿಯೇ ಕಳೆದುಹೋಗಿ, ಸಾಗಿಸಿದ ಬಂದರಿನ ಹೆಸರು ಉಳಿಯಿತು.

ಕುಮಟೆಯ ದಾರಿಯನ್ನು ಕಲ್ಪಿಸಿಕೊಳ್ಳಬೇಕು. ಲಕ್ಷ್ಮೇಶ್ವರದಿಂದ ಸವಣೂರು, ಬಂಕಾಪುರ, ಶಿರಸಿ, ದೇವಿಮನೆ ಘಟ್ಟ, ಆಮೇಲೆ ಕುಮಟಾ: ಮೂವತ್ತು ಹರದಾರಿಗೂ ಮೇಲ್ಪಟ್ಟ ದಾರಿ. ಹೇರಿದ ಚಕ್ಕಡಿಯು ದಿನಕ್ಕೆ ನಾಲ್ಕೈದು ಹರದಾರಿ ನಡೆದರೆ ಹೆಚ್ಚು. ಹೋಗಿ ಬರಲು, ನಡುವೆ ತಂಗಲು, ಇಳಿಸಲು, ಏರಿಸಲು ಎಲ್ಲ ಸೇರಿ ಎರಡು ಮೂರು ವಾರಗಳು ಬೇಕು. ಹತ್ತಿ ಬಿಡಿಸುವ ಕಾಲ ಶಿವರಾತ್ರಿಯ ಆಸುಪಾಸಿನಿಂದ ಯುಗಾದಿಯ ಆಚೆಯವರೆಗೆ. ಮಿರುಗದ ಮಳೆ ಬಿದ್ದರೆ ಎರೆಯ ದಾರಿಯಲ್ಲಿ ಗಾಲಿ ಹೂತು ನಿಲ್ಲುತ್ತದೆ. ಕರಾವಳಿಯಲ್ಲಿ ಹಡಗುಗಳ ಸಂಚಾರ ನಿಲ್ಲುತ್ತದೆ. ಹೀಗಾಗಿ ಒಂದೇ ಕಾಲಕ್ಕೆ ಎಲ್ಲರ ಚಕ್ಕಡಿಗಳೂ ಒಂದೇ ದಿಕ್ಕಿಗೆ ಮುಖ ಮಾಡುತ್ತಿದ್ದವು. ಉಪ್ಪು ಕೂಡುವ ಕಾಲವೂ ಅದೇ ಬೇಸಿಗೆಯಾದುದು ಒಂದು ಅನುಕೂಲ. ಆದರೆ ಇಲ್ಲಿಂದ ಹೋದಷ್ಟು ಚಕ್ಕಡಿಗಳಿಗೆ ಅಲ್ಲಿಂದ ಹೇರು ಸಿಗುವುದೆಂಬ ಭರವಸೆ ಎಲ್ಲಿಯದು? ಹತ್ತಿಯು ಹಗುರಾಗಿ ಹೆಚ್ಚು ಜಾಗ ತಿನ್ನುವ ಸರಕು. ಉಪ್ಪು ಕಡಿಮೆ ಜಾಗದಲ್ಲಿ ಹೆಚ್ಚು ಭಾರವಾಗುವ ಸರಕು. ಹತ್ತು ಚಕ್ಕಡಿಯ ಅಂಡಿಗೆಗಳು ಇಳಿದ ಕಡೆ ಕೆಲವೇ ಚಕ್ಕಡಿಯ ಉಪ್ಪು ಊರಿಗೆ ಸಾಕಾಗುತ್ತಿತ್ತು. ಉಳಿದವುಗಳ ಪಾಡು ‘ಹೋದ ಪುಟ್ಟ, ಬಂದ ಪುಟ್ಟ’.

ಇಲ್ಲಿ ಒಂದು ಲೆಕ್ಕವನ್ನು ಉದಾಹರಣೆಗಾಗಿ ಹಾಕಿ ನೋಡಬಹುದು. ಚಕ್ಕಡಿಯೊಂದು ಬಂದರಿಗೆ ಹೋಗಿ ಬರಲು 20 ರೂಪಾಯಿ ಖರ್ಚೆಂದು ಇಟ್ಟುಕೊಳ್ಳೋಣ. ಹೋಗುವಾಗ ಹತ್ತಿ, ಬರುವಾಗ ಉಪ್ಪು ಇದ್ದರೆ ತಲಾ 10 ರೂಪಾಯಿ ಹೊತ್ತುಕೊಳ್ಳುತ್ತವೆ. ಬರುವಾಗ ಏನೂ ಇಲ್ಲದಿದ್ದರೆ ಇಪ್ಪತ್ತೂ ಹತ್ತಿಯ ತಲೆಯ ಮೇಲೆ. ಇನ್ನು, ಬಂದರಿನಲ್ಲಿ ಖಾಲಿ ಚಕ್ಕಡಿಗಳ ಸಾಲು ನಿಂತಿದೆಯೆನ್ನಿ. ಆಗ ಉಪ್ಪಿನ ವ್ಯಾಪಾರಿಯು ‘ಮೂರು ರೂಪಾಯಿ ಕೊಡುತ್ತೇನೆ’ ಎಂದರೂ ಚಕ್ಕಡಿಯವನು ಒಪ್ಪಿಕೊಳ್ಳುತ್ತಾನೆ. ಖಾಲಿ ಹೋಗುವುದಕ್ಕಿಂತ ಅದು ಲೇಸು. ಉಳಿದ 17 ರೂಪಾಯಿಗಳನ್ನು ಹತ್ತಿಯೇ ತೆರಬೇಕು. ಹತ್ತಿ ಹಿಂಜುವ ನಮ್ಮ ಊರವರಿಗೆ ಇದನ್ನು ಇನ್ನೊಂದು ರೀತಿಯಿಂದಲೂ ಹೇಳಬಹುದು. ಬಿಡಿಸಿದ ಹತ್ತಿಯಿಂದ ಅರಳೆಯೂ ಬರುತ್ತದೆ, ಕಾಳೂ ಬರುತ್ತದೆ. ಅರಳೆಯ ಖರ್ಚು ಇಷ್ಟು, ಕಾಳಿನ ಖರ್ಚು ಇಷ್ಟು ಎಂದು ಬಿಡಿಸಲಾಗದು. ಕಾಳಿಗೆ ಬೆಲೆ ಬಾರದಿದ್ದರೆ ಅರಳೆಯೇ ಎಲ್ಲವನ್ನೂ ಹೊರಬೇಕು. ಹೋಗುವ ದಾರಿ, ಬರುವ ದಾರಿ ಇವೂ ಹೀಗೆಯೇ ಒಂದೇ ಖರ್ಚಿನ ಎರಡು ಫಲಗಳು. ಅಸಮತೋಲದ ಮೇಲುಬಾಡಿಗೆಯ ತತ್ತ್ವವೆಲ್ಲ ಇಷ್ಟೇ.

ಲಿವರ್‌ಪೂಲಿನ ವ್ಯಾಪಾರಿಯು ತನ್ನ ಪೇಟೆಯ ಧಾರಣೆಯಿಂದ ಹಡಗಿನ ಬಾಡಿಗೆಯನ್ನು ಕಳೆಯುತ್ತಿದ್ದನು. ಬಂದರಿನ ವ್ಯಾಪಾರಿಯು ಅದರಿಂದ ಚಕ್ಕಡಿಯ ಬಾಡಿಗೆಯನ್ನು ಕಳೆಯುತ್ತಿದ್ದನು. ಅಡತಿಯವನು ತನ್ನ ಖರ್ಚನ್ನು ಕಳೆಯುತ್ತಿದ್ದನು. ಕೊನೆಗೆ ಉಳಿದದ್ದೇ ಒಕ್ಕಲಿಗನ ಧಾರಣೆ. ಅವನಿಗೆ ಇನ್ನೊಬ್ಬರ ಮೇಲೆ ಕಳೆಯಲು ಯಾರೂ ಇರಲಿಲ್ಲ. ಹೀಗೆ ಖಾಲಿ ಬಂದ ಚಕ್ಕಡಿಯ ಬಾಡಿಗೆಯನ್ನು ಅದನ್ನು ನೋಡದವನೇ, ಶಿರಹಟ್ಟಿಯ ಅಥವಾ ಮುಂಡರಗಿಯ ಹೊಲದಲ್ಲಿ ನಿಂತವನೇ, ತೆರುತ್ತಿದ್ದನು.

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಇಲ್ಲಿಯ ಧಾರಣೆ ಏರಿತು. ಅದಕ್ಕಿಂತ ಸ್ವಲ್ಪ ಮುಂಚೆ, 1860ರಲ್ಲಿ, ಮ್ಯಾಂಚೆಸ್ಟರ್ ಕಾಟನ್ ಕಂಪನಿಯು ಸ್ಥಾಪಿತವಾಗಿ ಕಾರವಾರದ ಸದಾಶಿವಗಡದ ಮೇಲೆ ಕಣ್ಣಿಟ್ಟಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿಸಿದ್ದರಲ್ಲಿಯೂ ಈ ಹತ್ತಿಯ ಹಿತವು ಸೇರಿತ್ತು. ಘಟ್ಟದ ರಸ್ತೆಗಳನ್ನು ಮಾಡಿಸುವ ಕೆಲಸ ನಡೆಯಿತು. ಆದರೆ ರಸ್ತೆಯೂ ಬಂದರೂ ಅನುವಾಗುವಷ್ಟರಲ್ಲಿ ಕಂಪನಿಯ ಉತ್ಸಾಹ ಇಳಿದಿತ್ತು. ಯುದ್ಧ ಮುಗಿದು ಧಾರಣೆಯೂ ಇಳಿಯಿತು. ಮೇಲಿನಿಂದ ಕೆಳಗೆ ಏನು ತರಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಕೆಳಗಿನಿಂದ ಮೇಲೆ ಏನು ಒಯ್ಯಬೇಕೆಂದು ಕೇಳಿದವರು ಕಡಿಮೆ.

ಮುಂದೆ 1876ರಿಂದ 1878ರ ಬರಗಾಲದಲ್ಲಿ ತಕ್ಕಡಿ ತಲೆಕೆಳಗಾಯಿತು. ಕಳಿಸುತ್ತಿದ್ದ ಸೀಮೆಯೇ ತರಿಸಿಕೊಳ್ಳುವ ಸೀಮೆಯಾಯಿತು. ಇಳಿಯುವ ದಾರಿಗೆ ಹೇರಿಲ್ಲ, ಏರುವ ದಾರಿಗೆ ಕಾಳು. ಅದನ್ನು ಎಳೆಯಬೇಕಾದ ಎತ್ತುಗಳೋ ಮೇವು ನೀರಿಲ್ಲದೆ ಸತ್ತಿದ್ದವು. ಆಗ ಖಾಲಿ ದಾರಿಯ ಬೆಲೆಯನ್ನು ಜನರು ಜೀವದಿಂದಲೇ ತೆತ್ತರು. ಈ ಬರದ ಪಾಠದಿಂದಲೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆಯು ಹುಟ್ಟಿತು; 1884ರಲ್ಲಿ ಗದಗಿಗೆ ರೈಲು ಬಂತು.

ರೈಲು ಬಂದೊಡನೆ ಗದಗು ಎರಡು ದಾರಿಗಳ ಕೂಡುದಾಣವಾಯಿತು. ಉತ್ತರಕ್ಕೆ ಹೊಟಗಿಯ ಮೂಲಕ ಮುಂಬಯಿಯ ದಾರಿ; ಪಶ್ಚಿಮಕ್ಕೆ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕುಗಳ ಮೂಲಕ ಪೋರ್ತುಗೀಜರ ಮಾರ್ಮಗೋವಾ ಬಂದರಿನ ದಾರಿ. ಈ ಎರಡನೆಯದು 1888ರ ಹೊತ್ತಿಗೆ ಪೂರ್ಣವಾಯಿತು. ಮಾರ್ಮಗೋವಾ ಹತ್ತಿರದ ಬಂದರು. ಹಳಿಯ ಅಗಲವೂ ಒಂದೇ, ಆದ್ದರಿಂದ ನಡುವೆ ಮೂಟೆ ಇಳಿಸಬೇಕಾಗಿರಲಿಲ್ಲ. ಮುಂಬಯಿಗೆ ಹೋಗುವ ಸರಕನ್ನು ಹೊಟಗಿಯಲ್ಲಿ ಸಣ್ಣ ಗಾಡಿಯಿಂದ ದೊಡ್ಡ ಗಾಡಿಗೆ ಹೊರಿಸಬೇಕಿತ್ತು. ಇಷ್ಟಾದರೂ ಮಾರ್ಮಗೋವಾ ಎಣಿಸಿದಂತೆ ಬೆಳೆಯಲಿಲ್ಲ. ಪೈಪೋಟಿಯ ದರಗಳೂ ಇದಕ್ಕೆ ಕಾರಣ. ಜೊತೆಗೆ ಇನ್ನೊಂದನ್ನೂ ಹೇಳಬೇಕು. ಮುಂಬಯಿಗೆ ಹಡಗುಗಳು ತುಂಬಿ ಬಂದು ತುಂಬಿ ಹೋಗುತ್ತಿದ್ದವು. ಕೊಳ್ಳುವ ದೊಡ್ಡ ಪೇಟೆಯಿಲ್ಲದ ಬಂದರಿಗೆ ಹಡಗು ಖಾಲಿ ಬಂದು ಹತ್ತಿಯನ್ನು ಹೇರಬೇಕು. ಖಾಲಿ ಬಂದುದರ ಖರ್ಚು ಬಾಡಿಗೆಯಲ್ಲಿ ಸೇರುತ್ತದೆ. ಕಡಲಿನ ನಂಟು ತಪ್ಪಿದ ಕುಮಟೆಯ ದಾರಿಯಂತೂ ಕ್ರಮೇಣ ಬಡವಾಯಿತು. ಲಂಬಾಣಿಗಳ ಹಿಂಡುಗಳೂ ನಿಂತವು. ಅವರು ತಾಂಡಾಗಳಲ್ಲಿ ನೆಲೆನಿಂತು ಕೂಲಿಯನ್ನೂ ಒಕ್ಕಲುತನವನ್ನೂ ಹಿಡಿದರು.

ರೈಲಿಲ್ಲದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹತ್ತಿಯು ಗದಗಿನವರೆಗೆ ಚಕ್ಕಡಿಯಲ್ಲಿಯೇ ಬರುತ್ತಿತ್ತು. ಈ ನಾಲ್ಕು ಊರುಗಳಿಗೆ ಆಗ ಒಡೆಯರೂ ಬೇರೆ ಬೇರೆ: ಗದಗು, ಮುಂಡರಗಿಗಳು ಇಂಗ್ಲಿಷರವು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಆದರೂ ಪೇಟೆಯೊಂದೇ. ಈ ಗಿಡ್ಡ ದಾರಿಯಲ್ಲಿ ಚಕ್ಕಡಿಗಳು ಬಹುಮಟ್ಟಿಗೆ ಖಾಲಿ ಮರಳುತ್ತಿರಲಿಲ್ಲ. ಹಿಂಜಿದ ಹತ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಅರಳೆ, ಉಳಿದದ್ದು ಕಾಳು. ಅರಳೆಯು ಒತ್ತುಯಂತ್ರಕ್ಕೆ ಹೋಗಿ 392 ಪೌಂಡಿನ ಬಿಗಿಯಾದ ಬೇಲಾಗುತ್ತಿತ್ತು. ಕಾಳು ದನಗಳ ಮೇವಾಗಿ ಹಳ್ಳಿಗೆ ಮರಳುತ್ತಿತ್ತು. ಅದರೊಡನೆ ಉಪ್ಪು, ಬೆಲ್ಲ, ಚಿಮಣಿ ಎಣ್ಣೆ, ಬೆಟಗೇರಿಯ ಸೀರೆ. ಪೇಟೆಯಲ್ಲಿ ಕೊಳ್ಳುವುದೂ ಮಾರುವುದೂ ಎರಡೂ ಇದ್ದರೆ ದಾರಿ ಅಗ್ಗವಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಒಕ್ಕಲಿಗನು ತನ್ನ ಪಾಲಿನ ಕಳೆತವನ್ನು ಕಡಿಮೆ ಮಾಡಿಕೊಳ್ಳಲು ಕಂಡುಕೊಂಡ ಉಪಾಯವೂ ಈ ಸೀಮೆಯದೇ. 1905ರಲ್ಲಿ ಗದಗು ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. 1915ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘವೂ, ಮುಂದೆ ಗದಗಿನಲ್ಲಿ ಅಂಥದೇ ಸಂಘವೂ ಆದವು. ಒಬ್ಬನ ನಾಲ್ಕು ಅಂಡಿಗೆಗೆ ಬಾಡಿಗೆ ಕೇಳುವ ಶಕ್ತಿಯಿಲ್ಲ. ನೂರು ಜನರ ಅಂಡಿಗೆಗಳು ಒಂದೆಡೆ ಕೂಡಿದರೆ ಆ ಶಕ್ತಿ ಬರುತ್ತದೆ.

ಈಗ ಕಂಟೇನರಿನ ಕಡೆಗೆ ಬರೋಣ. 1956ರ ಏಪ್ರಿಲ್ 26ರಂದು ಅಮೆರಿಕದ ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಪೆಟ್ಟಿಗೆಗಳನ್ನು ಒಯ್ದಿತು. ಅದನ್ನು ಹೊರಡಿಸಿದವರು ಲಾರಿ ವ್ಯಾಪಾರದಲ್ಲಿ ಬೆಳೆದ ಮಾಲ್ಕಮ್ ಮೆಕ್ಲೀನರು. ಭಾರತಕ್ಕೆ ಈ ಪದ್ಧತಿ 1973ರಲ್ಲಿ ಕೊಚ್ಚಿಯಲ್ಲಿ ಕಾಲಿಟ್ಟಿತು. ಕಡಲಿಲ್ಲದ ಊರಿನಲ್ಲಿಯೇ ಸುಂಕದ ಕೆಲಸ ಮುಗಿಸಿ ಪೆಟ್ಟಿಗೆಯನ್ನು ಬಂದರಿಗೆ ಕಳಿಸುವ ಒಳನಾಡಿನ ನಿಲ್ದಾಣವು ದೇಶದಲ್ಲಿ ಮೊದಲು ಆದದ್ದು 1981ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಮುಂಬಯಿಯ ಎದುರಿನ ಜವಾಹರಲಾಲ್ ನೆಹರೂ ಬಂದರು 1989ರಲ್ಲಿ ತೆರೆಯಿತು.

ಪೆಟ್ಟಿಗೆಯಿಂದ ಹೊರೆ ಇಳಿಸುವ ಏರಿಸುವ ತಾಪತ್ರಯ ತಪ್ಪಿತು. ಆದರೆ ಹಿಂದಿಲ್ಲದ ಒಂದು ತೊಡಕೂ ಹುಟ್ಟಿತು. ಉಪ್ಪಿನ ಗೋಣಿ ಹರಿದರೆ ಹೊಸದು ಹೊಲಿಯಬಹುದು. ಕಂಟೇನರು ಬೆಲೆಯುಳ್ಳ ವಸ್ತು, ಒಡೆಯನಿಗೆ ಮರಳಲೇಬೇಕು. ಖಾಲಿ ಪೆಟ್ಟಿಗೆಯು ತುಂಬಿದ ಪೆಟ್ಟಿಗೆಯಷ್ಟೇ ಜಾಗವನ್ನು ಹಡಗಿನಲ್ಲಿ ಹಿಡಿಯುತ್ತದೆ. ಜಗತ್ತಿನ ಬಂದರುಗಳಲ್ಲಿ ಎತ್ತಿಳಿಸುವ ಕಂಟೇನರುಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಖಾಲಿಯವೇ ಆಗಿರುತ್ತವೆ. ಅಳತೆಯ ತೊಡಕೂ ಇದೆ. ಪೆಟ್ಟಿಗೆಗಳಲ್ಲಿ 20 ಅಡಿಯವು, 40 ಅಡಿಯವು ಎಂದು ಎರಡು ಮುಖ್ಯ ಬಗೆ. ಇಳಕಲ್ಲಿನ ಕಲ್ಲಿನ ಹಲಗೆಯಂಥ ಭಾರದ ಸರಕಿಗೆ ಗಿಡ್ಡ ಪೆಟ್ಟಿಗೆ ಬೇಕು. ಹತ್ತಿಯಂಥ ಹಗುರ ಸರಕಿಗೆ ಉದ್ದನೆಯದು ಲೇಸು. ಆಮದಿನಲ್ಲಿ ಬಂದದ್ದು ಒಂದು ಬಗೆ, ರಫ್ತಿಗೆ ಬೇಕಾದದ್ದು ಇನ್ನೊಂದು ಬಗೆಯಾದರೆ, ಅಂಗಳದ ತುಂಬ ಪೆಟ್ಟಿಗೆಗಳಿದ್ದರೂ ಇಲ್ಲದಂತೆಯೇ. ಕೆಳಗೆ ಹತ್ತಿ, ಮೇಲೆ ಉಪ್ಪು ಎಂಬ ಹಳೆಯ ಹೊಂದಾಣಿಕೆಯ ಕಷ್ಟವೇ ಇದು.

ಈ ವ್ಯವಸ್ಥೆಯು ಎಷ್ಟು ಸೂಕ್ಷ್ಮವೆಂಬುದನ್ನು 2020ರ ಸಾಂಕ್ರಾಮಿಕವು ತೋರಿಸಿತು. ದೇಶವು ಬಾಗಿಲು ಮುಚ್ಚಿದಾಗ ನಮ್ಮ ಆಮದು ಕುಸಿಯಿತು. ಆಮದಿನೊಡನೆ ಬರುವ ಪೆಟ್ಟಿಗೆಗಳೂ ಕಡಿಮೆಯಾದವು. ರಫ್ತುದಾರರು ಪೆಟ್ಟಿಗೆಗಾಗಿ ಕಾಯಬೇಕಾಯಿತು. ಅತ್ತ ಚೀನದಿಂದ ಅಮೆರಿಕಕ್ಕೆ ಸರಕಿನ ಮಹಾಪೂರ. ಹೋದ ಪೆಟ್ಟಿಗೆಗಳು ಅಲ್ಲಿಯ ಬಂದರುಗಳಲ್ಲಿ ಸಿಕ್ಕಿಬಿದ್ದವು. ಶಾಂಘೈಯಿಂದ ಹೊರಡುವ ಕಂಟೇನರುಗಳ ಬಾಡಿಗೆಯ ಸೂಚ್ಯಂಕವು 2020ರ ಆರಂಭದಲ್ಲಿ 1,000ದ ಆಸುಪಾಸಿನಲ್ಲಿದ್ದುದು 2022ರ ಜನವರಿಯಲ್ಲಿ 5,000ವನ್ನು ದಾಟಿತು. ಆಗ ಒಂದು ವಿಪರೀತ ನಡೆಯಿತು. ಚೀನದ ಕಡೆಯ ಬಾಡಿಗೆ ಅಷ್ಟು ಲಾಭದ್ದಾದುದರಿಂದ, ಅಮೆರಿಕದ ಒಕ್ಕಲಿಗರ ಸರಕು ತುಂಬುವವರೆಗೆ ಕಾಯದೆ ಹಡಗಿನವರು ಪೆಟ್ಟಿಗೆಗಳನ್ನು ಖಾಲಿಯಾಗಿಯೇ ಹಿಂದಕ್ಕೊಯ್ದರು. ಬಾದಾಮಿ ಬೆಳೆದ ಕ್ಯಾಲಿಫೋರ್ನಿಯದ ರೈತನು ದಡದಲ್ಲಿ ನಿಂತು ನೋಡಬೇಕಾಯಿತು. ಕೊನೆಗೆ 2022ರ ಜೂನಿನಲ್ಲಿ ಆ ದೇಶವು ಕಾಯಿದೆಯನ್ನೇ ಮಾಡಿ, ರಫ್ತಿನ ಸರಕನ್ನು ಸಕಾರಣವಿಲ್ಲದೆ ನಿರಾಕರಿಸುವುದಕ್ಕೆ ತಡೆ ಹಾಕಿತು. 2023ರಲ್ಲಿ ಬಾಡಿಗೆಗಳು ಮತ್ತೆ ಹಳೆಯ ಮಟ್ಟಕ್ಕೆ ಇಳಿದವು.

ಮೇಲುಬಾಡಿಗೆಯನ್ನು ಅನ್ಯಾಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ಖಾಲಿ ನಡೆಯುವುದಕ್ಕೂ ಖರ್ಚುಂಟು. ಅದನ್ನು ಯಾರಾದರೂ ಕೊಡಲೇಬೇಕು. ಅನ್ಯಾಯವು ಇರುವುದು, ಆ ಖರ್ಚೆಲ್ಲ ಮಾತನಾಡಲಾರದವನ ಪಾಲಿಗೆ ಸದ್ದಿಲ್ಲದೆ ಸರಿದುಹೋಗುವುದರಲ್ಲಿ. ಆದ್ದರಿಂದ ಮೇಲುಬಾಡಿಗೆಯು ಏತಕ್ಕೆ, ಎಷ್ಟು, ಎಂದಿನವರೆಗೆ ಎಂಬುದು ಮೊದಲೇ ಬಹಿರಂಗವಾಗಿ ತಿಳಿದಿರಬೇಕು. ಸಣ್ಣವರು ಹತ್ತಿ ಸಂಘದವರಂತೆ ಕೂಡಿ ಬಾಡಿಗೆ ಗೊತ್ತುಮಾಡಬೇಕು.

ಇನ್ನೊಂದು ಮಾತು ನಮ್ಮ ನಾಡಿಗೇ ಸಂಬಂಧಿಸಿದುದು. ಮ್ಯಾಂಚೆಸ್ಟರಿನವರ ಕಾಲದಿಂದ ಕನಸಾಗಿರುವ ಕಾರವಾರದ ಕಡೆಯ ದಾರಿಯು, 1990ರ ದಶಕದ ಕೊನೆಯಲ್ಲಿ ಕೈಗೊಂಡ ಹುಬ್ಬಳ್ಳಿ-ಅಂಕೋಲಾ ರೈಲುಮಾರ್ಗವಾಗಿ, ಇನ್ನೂ ಪೂರ್ಣವಾಗಿಲ್ಲ; ಘಟ್ಟದ ಕಾಡನ್ನು ಕುರಿತ ವಾದವಿವಾದಗಳಲ್ಲಿಯೇ ಕಾಲ ಸಂದಿದೆ. ಬಳ್ಳಾರಿ ಹೊಸಪೇಟೆಗಳ ಅದಿರನ್ನು ಕೆಳಗಿಳಿಸುವುದು ಅದರ ಒಂದು ಮುಖ್ಯ ಉದ್ದೇಶವಾಗಿತ್ತು. ಕಾಡಿನ ಪ್ರಶ್ನೆ ದೊಡ್ಡದು; ಅದನ್ನು ತಜ್ಞರು ನಿರ್ಣಯಿಸಲಿ. ಆದರೆ ಅಂಥ ಯಾವ ದಾರಿಯನ್ನು ಯೋಜಿಸುವವರೂ ಇಳಿಯುವ ಗಾಡಿಯ ಲೆಕ್ಕದ ಪಕ್ಕದಲ್ಲಿ ಏರುವ ಗಾಡಿಯ ಲೆಕ್ಕವನ್ನೂ ಬರೆಯಬೇಕು. ಹೊರಡುವ ಮುನ್ನವೇ ‘ಬರುವಾಗ ಏನು ಹೇರೋಣ?’ ಎಂದು ಕೇಳಿಕೊಂಡ ಲಂಬಾಣಿಯು ಓದು ಬರಹ ಕಲಿಯದೆಯೇ ಆ ಲೆಕ್ಕವನ್ನು ಬಲ್ಲವನಾಗಿದ್ದನು.